ಕೆರೆಯ ಹಸಿರು ಕೆನೆ, ಮಂಡ್ಯದ ಸಕ್ಕರೆ

ಮಾರ್ಚ್ ಅರ್ಧ ಕಳೆಯುವ ಹೊತ್ತಿಗೆ ಮೈಸೂರಿನ ಕೆರೆಗಳ ಬಣ್ಣ ಬದಲಾಗುತ್ತದೆ. ಬೆಳಿಗ್ಗೆ ಏರಿ ಮೇಲೆ ನಡೆಯಲು ಹೋದರೆ, ಗಾಳಿ ತಳ್ಳಿದ ಕಡೆಯ ದಡದಲ್ಲಿ ಹಸಿರು ಪದರವೊಂದು ನಿಂತಿರುತ್ತದೆ. ಕಾಯಿಸಿ ಆರಿಸಿದ ಹಾಲಿನ ಮೇಲೆ ಕಟ್ಟುವ ಕೆನೆಯ ಹಾಗೆ. ಕಡ್ಡಿಯಿಂದ ಸರಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ. ಬಿಸಿಲೇರಿದ ಮೇಲೆ ನಾತ ಶುರುವಾಗುತ್ತದೆ. ಜತೆಯಲ್ಲಿ ನಡೆಯುವವರು "ಈ ಸಲ ಪಾಚಿ ಜಾಸ್ತಿ" ಎಂದು ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಾರೆ.

ನಾನು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ. ಆ ಕೆನೆ ನೋಡಿದರೆ ನನಗೆ ಊರಿನ ಚೌಳು ನೆಲ ನೆನಪಾಗುತ್ತದೆ.

ನಮ್ಮೂರು ಮಂಡ್ಯ ಜಿಲ್ಲೆಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿದೆ. ತಗ್ಗಿನಲ್ಲಿದ್ದ ನಮ್ಮ ಒಂದು ತುಂಡು ಜಮೀನು ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಾಗುತ್ತಿತ್ತು. ಭತ್ತ ನಾಟಿ ಮಾಡಿದರೆ ಎಲೆಯ ತುದಿ ಸುಟ್ಟುಹೋಗುತ್ತಿತ್ತು. ಆದರೆ ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಅದೇ ಬಿಳಿ ನೆಲದ ಮೇಲೆ ಕಪ್ಪು-ಹಸಿರು ಸಿಪ್ಪೆಯೊಂದು ಏಳುತ್ತಿತ್ತು. "ಚೌಳ್ ಮ್ಯಾಲೆ ಪಾಚಿ ಕಟ್ಟದ್ರೆ ಆ ನೆಲ ಪೂರ್ತಿ ಸತ್ತಿಲ್ಲ ಅಂತ ಲೆಕ್ಕ ಕಣವ್ವ" ಎನ್ನುತ್ತಿದ್ದರು ಅಪ್ಪ. ಭತ್ತ ಬದುಕದ ಉಪ್ಪಿನಲ್ಲಿ ಈ ಸಿಪ್ಪೆ ಹೇಗೆ ಬದುಕುತ್ತದೆ? ಸಿಹಿನೀರಿನ ಕೆರೆಯ ಕೆನೆಗೂ ಚೌಳಿನ ಸಿಪ್ಪೆಗೂ ಏನು ನಂಟು? ಇದಕ್ಕೆ ವಿಜ್ಞಾನದಲ್ಲಿ ಈಗ ಒಳ್ಳೆಯ ಉತ್ತರ ಸಿಕ್ಕಿದೆ. ಆ ಉತ್ತರವನ್ನು ಹಿಡಿದು ನೋಡಿದರೆ, ಕೆರೆಗಳ ವಿಚಾರದಲ್ಲಿ ನಾವು ಎಲ್ಲಿ ಎಡವುತ್ತಿದ್ದೇವೆ ಎಂಬುದೂ ಕಾಣುತ್ತದೆ.

ನಾವು ನೀಲಿ-ಹಸಿರು ಪಾಚಿ ಎಂದು ಕರೆಯುವುದು ನಿಜವಾಗಿ ಬ್ಯಾಕ್ಟೀರಿಯಾ. ವಿಜ್ಞಾನದ ಹೆಸರು ಸಯನೋಬ್ಯಾಕ್ಟೀರಿಯಾ. ಗಿಡದ ಹಾಗೆ ಬಿಸಿಲು ಹಿಡಿದು ಆಹಾರ ಮಾಡಿಕೊಳ್ಳುತ್ತದೆ, ಆಮ್ಲಜನಕ ಬಿಡುತ್ತದೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಸೇರತೊಡಗಿದ್ದು ಇವುಗಳಿಂದಲೇ. ಇಂದು ಪ್ರತಿ ಗಿಡದ ಎಲೆಯೊಳಗೆ ಇರುವ ಹಸಿರು ಕಣಗಳೂ ಒಂದು ಕಾಲದಲ್ಲಿ ಇಂಥದ್ದೇ ಬ್ಯಾಕ್ಟೀರಿಯಾ ಆಗಿದ್ದವು. ಇನ್ನೊಂದು ಕೋಶದ ಹೊಟ್ಟೆ ಸೇರಿ, ಅಲ್ಲೇ ಉಳಿದುಕೊಂಡವು.

ಇವುಗಳನ್ನು ಬರೀ ಕೊಳಕು ಎಂದು ನೋಡುವುದು ತಪ್ಪು. ಭತ್ತದ ಗದ್ದೆಯಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುವುದರಲ್ಲಿ ಇವುಗಳ ಪಾಲು ದೊಡ್ಡದು ಎಂದು ಪಿ. ಕೆ. ಡೇ ಎಂಬ ಭಾರತೀಯ ವಿಜ್ಞಾನಿ 1939ರಲ್ಲೇ ತೋರಿಸಿದ್ದರು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವರ್ಷಗಟ್ಟಲೆ ಕೆಲಸ ಮಾಡಿದ ಸ್ಪಿರುಲಿನಾ ಕೂಡ ಇದೇ ಬಳಗದ್ದು. ಸ್ಪಿರುಲಿನಾಕ್ಕಂತೂ ಉಪ್ಪು, ಸೋಡಾ ಬೆರೆತ ನೀರೇ ಇಷ್ಟ. ಬೇರೆ ಜೀವಿಗಳು ತಾಳಲಾರದ ಕ್ಷಾರದಲ್ಲಿ ಅದು ಹುಲುಸಾಗಿ ಬೆಳೆಯುತ್ತದೆ.

ಉಪ್ಪು ಒಂದು ಜೀವಕ್ಕೆ ಏನು ಮಾಡುತ್ತದೆ ಎಂಬುದು ಉಪ್ಪಿನಕಾಯಿ ಹಾಕಿದವರಿಗೆಲ್ಲ ಗೊತ್ತು. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮರುದಿನಕ್ಕೆ ಹೋಳು ಮುದುಡಿ, ಜಾಡಿಯ ತಳದಲ್ಲಿ ನೀರು ನಿಂತಿರುತ್ತದೆ. ಹೊರಗೆ ಉಪ್ಪು ಜಾಸ್ತಿಯಾದರೆ ಒಳಗಿನ ನೀರು ಆಚೆ ಬರುತ್ತದೆ. ಒಂದೇ ಕೋಶದ ಬ್ಯಾಕ್ಟೀರಿಯಾಕ್ಕೂ ಇದೇ ಗತಿ. ಅದರ ಜತೆಗೆ ಇನ್ನೊಂದು ಕಾಟವಿದೆ. ಉಪ್ಪಿನ ಸೋಡಿಯಂ ಕೋಶದೊಳಗೆ ನುಗ್ಗಿ, ಅಲ್ಲಿ ಕೆಲಸ ಮಾಡುವ ಪ್ರೋಟೀನುಗಳನ್ನು ಕೆಡಿಸುತ್ತದೆ. ನೀರೂ ಹೋಯಿತು, ವಿಷವೂ ಬಂತು.

ಇದನ್ನು ಅತಿ ಹತ್ತಿರದಿಂದ ಕಂಡಿರುವುದು ಸಿನೆಕೊಸಿಸ್ಟಿಸ್ 6803 ಎಂಬ ತಳಿಯಲ್ಲಿ. 1968ರಲ್ಲಿ ಕ್ಯಾಲಿಫೋರ್ನಿಯಾದ ಸಿಹಿನೀರಿನಿಂದ ಹಿಡಿದು ತಂದ ಜೀವಿ ಇದು. 1996ರಲ್ಲಿ ಜಪಾನಿನ ಕಜುಸ ಡಿಎನ್‌ಎ ಸಂಶೋಧನಾ ಸಂಸ್ಥೆ ಇದರ ಇಡೀ ಜೀನೋಮನ್ನು, ಅಂದರೆ ಎಲ್ಲ ಜೀನುಗಳೂ ಸೇರಿದ ಪೂರ್ತಿ ಡಿಎನ್‌ಎಯನ್ನು, ಓದಿ ಮುಗಿಸಿತು. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಜೀವಿಗಳಲ್ಲಿ ಪೂರ್ತಿ ಜೀನೋಮ್ ಓದಿದ್ದು ಇದೇ ಮೊದಲು. ಸಿಹಿನೀರಿನಲ್ಲಿ ಸಿಕ್ಕಿದ್ದಾದರೂ ಸಮುದ್ರದ ಎರಡರಷ್ಟು ಉಪ್ಪನ್ನು ಇದು ತಾಳಬಲ್ಲದು.

ಉಪ್ಪು ಬಿದ್ದ ಕೂಡಲೇ ಅದರ ಒಳಗೆ ನಡೆಯುವುದು ಹೀಗೆ. ಮೊದಲ ಕ್ಷಣಗಳಲ್ಲಿ ನೀರು ಸೋರಿ ಕೋಶ ಕುಗ್ಗುತ್ತದೆ. ಸೋಡಿಯಂ ಒಳಗೆ ನುಗ್ಗುತ್ತದೆ. ಬಿಸಿಲು ಹಿಡಿಯುವ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ನಂತರ ಕೋಶದ ಪೊರೆಯಲ್ಲಿರುವ ಪಂಪುಗಳು ಸೋಡಿಯಮನ್ನು ಆಚೆ ದಬ್ಬಿ, ಅದರ ಜಾಗಕ್ಕೆ ಪೊಟ್ಯಾಸಿಯಂ ಎಳೆದುಕೊಳ್ಳುತ್ತವೆ. ಪೊಟ್ಯಾಸಿಯಂ ಸೋಡಿಯಂನಷ್ಟು ಕೆಟ್ಟದ್ದಲ್ಲ, ಆದರೂ ಬಹಳ ಹೊತ್ತು ಇಟ್ಟುಕೊಳ್ಳುವಂಥದ್ದಲ್ಲ. ಅಷ್ಟರಲ್ಲಿ ಇನ್ನೊಂದು ಕೆಲಸ ಶುರುವಾಗಿರುತ್ತದೆ. ಕೋಶ ತನ್ನೊಳಗೆ ಸಕ್ಕರೆಯ ಜಾತಿಯ ಒಂದು ವಸ್ತುವನ್ನು ತಯಾರಿಸಿ ತುಂಬಿಕೊಳ್ಳತೊಡಗುತ್ತದೆ. ಹೊರಗೆ ಎಷ್ಟು ಉಪ್ಪಿದೆಯೋ ಅದಕ್ಕೆ ಸಮನಾಗಿ ಒಳಗೆ ಸಿಹಿ. ತೂಕ ಸರಿಹೋದಾಗ ನೀರು ಮತ್ತೆ ಒಳಗೆ ಬರುತ್ತದೆ. ಕೆಲವು ಗಂಟೆಗಳಲ್ಲಿ ಕೋಶ ಮತ್ತೆ ಎದ್ದು ಕೂರುತ್ತದೆ.

ಸಕ್ಕರೆ ನೀರನ್ನು ಹಿಡಿದಿಡುತ್ತದೆ ಎಂಬುದನ್ನು ಮಂಡ್ಯದವರಿಗೆ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟ ಬೆಲ್ಲದ ಅಚ್ಚು ಬೆವರುತ್ತದೆ, ಅಲ್ವಾ? ಗಾಳಿಯ ತೇವವನ್ನು ಎಳೆದುಕೊಂಡು ಮೆತ್ತಗಾಗುತ್ತದೆ. ಬ್ಯಾಕ್ಟೀರಿಯಾ ಮಾಡುವುದೂ ಇಂಥದ್ದೇ. ಉಪ್ಪು ತನ್ನಿಂದ ನೀರು ಕಿತ್ತುಕೊಳ್ಳಲು ಬಂದಾಗ ಒಳಗೆ ಸಿಹಿ ತುಂಬಿ ನೀರನ್ನು ಹಿಡಿದುಕೊಳ್ಳುತ್ತದೆ. ಸಿಹಿಯೇ ಏಕೆ ಎಂದರೆ, ಅದು ಎಷ್ಟು ತುಂಬಿದರೂ ಕೋಶದ ಕೆಲಸಕ್ಕೆ ಅಡ್ಡಿ ಮಾಡುವುದಿಲ್ಲ. ಪ್ರೋಟೀನುಗಳ ಆಕಾರ ಕೆಡದಂತೆ ಕಾಯುತ್ತದೆ ಕೂಡ.

ಯಾವ ಸಿಹಿ ಎಂಬುದರಲ್ಲಿ ಒಂದು ಏಣಿ ಇದೆ. ಸಾಮಾನ್ಯವಾಗಿ ಸಿಹಿನೀರಿನ ತಳಿಗಳು ಸುಕ್ರೋಸ್ ಅಥವಾ ಟ್ರೆಹಲೋಸ್ ಮಾಡಿಕೊಳ್ಳುತ್ತವೆ. ಇವು ತಾಳುವ ಉಪ್ಪು ಕಡಿಮೆ. ಸವಳು ನೀರು ಮತ್ತು ಸಮುದ್ರದ ತಳಿಗಳು ಗ್ಲೂಕೋಸಿಲ್‌ಗ್ಲಿಸರಾಲ್ ಎಂಬ ವಸ್ತುವನ್ನು ಮಾಡುತ್ತವೆ. ಗ್ಲೂಕೋಸಿಗೆ ಗ್ಲಿಸರಾಲ್ ಜೋಡಿಸಿದ ವಸ್ತು ಅದು. ಸಿನೆಕೊಸಿಸ್ಟಿಸ್ ಮಾಡುವುದು ಇದನ್ನೇ. ಉಪ್ಪಿನ ಮಡಿಗಳಂಥ ಕಡೆ ಬದುಕುವ ತಳಿಗಳು ಗ್ಲೈಸಿನ್ ಬೀಟೈನ್ ತುಂಬಿಕೊಳ್ಳುತ್ತವೆ. ಅದು ಸಕ್ಕರೆಯ ಜಾತಿಯದಲ್ಲ, ಆದರೆ ಮಾಡುವ ಕೆಲಸ ಅದೇ. ಒಂದು ತಳಿ ಏಣಿಯ ಯಾವ ಮೆಟ್ಟಿಲಲ್ಲಿ ನಿಲ್ಲುತ್ತದೆ ಎಂಬುದು ಅದರ ಬಳಿ ಯಾವ ಜೀನ್ ಇದೆ ಎಂಬುದನ್ನು ಅವಲಂಬಿಸಿದೆ.

ಜೀನ್ ಇದ್ದರೆ ಸಾಲದು. ಬೇಕಾದಾಗ ಅದರ ಕೆಲಸ ಶುರುವಾಗಬೇಕು, ಬೇಡದಾಗ ನಿಲ್ಲಬೇಕು. ಸಿನೆಕೊಸಿಸ್ಟಿಸ್ ಇದನ್ನು ಮಾಡುವ ರೀತಿ ನನಗೆ ತುಂಬ ಇಷ್ಟ. ಗ್ಲೂಕೋಸಿಲ್‌ಗ್ಲಿಸರಾಲ್ ತಯಾರಿಸುವ ಕಿಣ್ವ ಸಿಹಿನೀರಿನಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಆದರೆ ಅದು ಕೋಶದ ಡಿಎನ್‌ಎಗೆ ಅಂಟಿಕೊಂಡು ಸುಮ್ನೆ ಕೂತಿರುತ್ತದೆ. ಉಪ್ಪು ಒಳಗೆ ಬಂದಾಗ ಆ ಅಂಟು ಬಿಡುತ್ತದೆ. ಕಿಣ್ವ ಬಿಡಿಸಿಕೊಂಡು ಕೆಲಸಕ್ಕಿಳಿಯುತ್ತದೆ. ಉಪ್ಪು ಬಂದಿದೆ ಎಂದು ಬೇರೆ ಯಾರೂ ಬಂದು ಹೇಳಬೇಕಿಲ್ಲ. ಉಪ್ಪೇ ಬಂದು ಕೀಲಿ ತೆಗೆಯುತ್ತದೆ. ಹೊಸ ಕಿಣ್ವ ತಯಾರಿಸಲು ಜೀನುಗಳು ಚುರುಕಾಗುವುದು ಇದರ ಹಿಂದೆಯೇ ನಡೆಯುತ್ತದೆ.

ಇಷ್ಟು ಒಂದು ಕೋಶ ತನ್ನ ಆಯುಸ್ಸಿನಲ್ಲಿ ಮಾಡಿಕೊಳ್ಳುವ ಹೊಂದಾಣಿಕೆ. ಇನ್ನೊಂದು ಬಗೆಯ ಹೊಂದಾಣಿಕೆ ಪೀಳಿಗೆಗಳಲ್ಲಿ ಆಗುತ್ತದೆ. ಇಲ್ಲದ ಜೀನನ್ನು ಗಳಿಸಿಕೊಳ್ಳುವುದು. ನಮ್ಮ ಕೆರೆಗಳ ಕೆನೆಗೆ ಸಂಬಂಧಪಟ್ಟದ್ದು ಇದು.

ಆ ಕೆನೆಯಲ್ಲಿ ಸಾಮಾನ್ಯವಾಗಿ ಸಿಗುವ ಬ್ಯಾಕ್ಟೀರಿಯಾದ ಹೆಸರು ಮೈಕ್ರೋಸಿಸ್ಟಿಸ್. ಲೋಕದ ಎಲ್ಲ ಕಡೆ, ಕೊಳಚೆ ಸೇರಿದ ಸಿಹಿನೀರಿನಲ್ಲಿ ಬೆಳೆಯುವ ಜೀವಿ. ಇದರ ಹಲವು ತಳಿಗಳು ಮೈಕ್ರೋಸಿಸ್ಟಿನ್ ಎಂಬ ವಿಷ ಮಾಡುತ್ತವೆ. ಆ ವಿಷ ಪಿತ್ತಜನಕಾಂಗಕ್ಕೆ ಹೋಗಿ ಕೂರುತ್ತದೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ. ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು ಅದು.

ಇದು ಸಿಹಿನೀರಿನ ಜೀವಿ, ಉಪ್ಪು ನೀರು ಕಂಡರೆ ಆಗದು ಎಂಬ ಧೈರ್ಯ ಬಹಳ ಕಾಲ ಇತ್ತು. ಆಮೇಲೆ ಸವಳು ನೀರಿನಲ್ಲೂ ಇದರ ಕೆನೆ ಕಾಣಿಸಿಕೊಳ್ಳತೊಡಗಿತು. ಜಪಾನಿನ ಶಿಂಜಿ ಸರೋವರ ಅಂಥ ಒಂದು ಜಾಗ. ಅದರ ನೀರು ಸಮುದ್ರದ ಸುಮಾರು ಹತ್ತನೇ ಒಂದು ಪಾಲು ಉಪ್ಪು. ಅಲ್ಲಿಂದ ಮತ್ತು ತೋಫುತ್ಸು ಎಂಬ ಇನ್ನೊಂದು ಸವಳು ಸರೋವರದಿಂದ ಹಿಡಿದ ಎರಡು ತಳಿಗಳ ಜೀನೋಮನ್ನು ಜಪಾನಿನ ವಿಜ್ಞಾನಿಗಳು ಓದಿದರು. 2018ರಲ್ಲಿ ಅದರ ಫಲಿತಾಂಶ ಹೊರಬಂತು.

ಎರಡರಲ್ಲೂ ಮೂರು ಜೀನುಗಳ ಒಂದು ಗೊಂಚಲು ಇತ್ತು. ಸುಕ್ರೋಸ್ ತಯಾರಿಕೆಗೆ ಬೇಕಾದ ಜೀನುಗಳು ಅವು. ಉಪ್ಪು ಹಾಕಿದರೆ ಆ ಜೀನುಗಳು ಎಚ್ಚೆತ್ತು, ಕೋಶದಲ್ಲಿ ಸುಕ್ರೋಸ್ ಸೇರುತ್ತಿತ್ತು. ಇದಕ್ಕೂ ಮುಂಚೆ ಮೈಕ್ರೋಸಿಸ್ಟಿಸ್‌ನಲ್ಲಿ ಈ ಜೀನು ಗೊತ್ತಿದ್ದದ್ದು ಒಂದೇ ಒಂದು ತಳಿಯಲ್ಲಿ. ವಿಜ್ಞಾನಿಗಳು ಇನ್ನೂರಕ್ಕೂ ಹೆಚ್ಚು ತಳಿಗಳನ್ನು ಹುಡುಕಿ ನೋಡಿದರು. ಹೆಚ್ಚುಕಡಿಮೆ ಯಾವುದರಲ್ಲೂ ಇಲ್ಲ. ಅಷ್ಟು ಅಪರೂಪ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿವರ. ಈ ಎರಡು ತಳಿ ಮತ್ತು ಮೊದಲೇ ಗೊತ್ತಿದ್ದ ಆ ಒಂದು, ಒಟ್ಟು ಮೂರು ತಳಿಗಳ ಉಳಿದ ಜೀನುಗಳನ್ನು ಹೋಲಿಸಿದರೆ ಅಲ್ಲಲ್ಲಿ ವ್ಯತ್ಯಾಸಗಳಿವೆ. ಬೇರೆ ಬೇರೆ ಊರಿನಲ್ಲಿ ಬಹಳ ಕಾಲ ಬೆಳೆದವುಗಳಲ್ಲಿ ಇರಬೇಕಾದಷ್ಟು. ಆದರೆ ಸುಕ್ರೋಸ್ ಜೀನುಗಳಲ್ಲಿ ಮಾತ್ರ ವ್ಯತ್ಯಾಸ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಪಿತ್ರಾರ್ಜಿತವಾಗಿ ಬಂದಿದ್ದರೆ ಹಾಗಿರುತ್ತಿರಲಿಲ್ಲ. ಇವು ತೀರಾ ಇತ್ತೀಚೆಗೆ ಬೇರೆ ಕಡೆಯಿಂದ ಬಂದು ಸೇರಿಕೊಂಡಿವೆ. ಅಪ್ಪ-ಅಮ್ಮನಿಂದ ಮಕ್ಕಳಿಗೆ ಬರುವ ಹಾಗಲ್ಲ, ಪಕ್ಕದ ಮನೆಯಿಂದ ಕಡ ತಂದ ಹಾಗೆ. ಸವಳು ನೀರಿಗೆ ಮನುಷ್ಯರು ಗೊಬ್ಬರ, ಕೊಳಚೆ ಸೇರಿಸಿದ್ದರಿಂದ ಇದು ಇತ್ತೀಚೆಗೆ ನಡೆದಿರಬಹುದು ಎಂದು ಅವರು ಬರೆದಿದ್ದಾರೆ.

ಬ್ಯಾಕ್ಟೀರಿಯಾಗಳಲ್ಲಿ ಇಂಥ ಕಡ ಕೊಡುಕೊಳ್ಳುವುದು ಮಾಮೂಲು. ಸತ್ತ ಕೋಶದಿಂದ ಆಚೆ ಬಿದ್ದ ಡಿಎನ್‌ಎ ತುಣುಕನ್ನು ಪಕ್ಕದ ಕೋಶ ಎತ್ತಿಕೊಳ್ಳಬಹುದು. ವೈರಸ್ ಒಂದರಿಂದ ಇನ್ನೊಂದಕ್ಕೆ ಹೊತ್ತೊಯ್ಯಬಹುದು. ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೂಲಕವೂ ದಾಟಬಹುದು. ಮೈಕ್ರೋಸಿಸ್ಟಿಸ್ ಅಂತೂ ಇದಕ್ಕೆ ಹೇಳಿಮಾಡಿಸಿದ ಜೀವಿ. 2007ರಲ್ಲಿ ಅದರ ಒಂದು ತಳಿಯ ಜೀನೋಮ್ ಓದಿದಾಗ, ಸುಮಾರು ಹತ್ತರಲ್ಲಿ ಒಂದು ಭಾಗ ಬರೀ ಜಿಗಿಯುವ ಜೀನುಗಳು ಎಂದು ಗೊತ್ತಾಯಿತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಗರಿ ಕೂರುವ ತುಣುಕುಗಳು ಇವು. ಅವು ಎಗರಿದಾಗ ಹಳೆಯ ಜೀನು ಕೆಡಬಹುದು, ಹೊಸ ಜೋಡಣೆ ಆಗಬಹುದು.

ಸುಕ್ರೋಸ್ ಎಂದರೆ ಬೇರೇನೂ ಅಲ್ಲ, ನಾವು ಕಾಫಿಗೆ ಹಾಕುವ ಸಕ್ಕರೆ. ಕಬ್ಬಿನ ಸಕ್ಕರೆ. ಕಬ್ಬಿನ ಎಲೆಯೊಳಗೆ ಸಕ್ಕರೆ ಆಗುವುದು ಎರಡು ಹೆಜ್ಜೆಯಲ್ಲಿ. ಮೊದಲು ಗ್ಲೂಕೋಸಿನ ಒಂದು ರೂಪವನ್ನೂ ಫ್ರಕ್ಟೋಸಿನ ಒಂದು ರೂಪವನ್ನೂ ಒಂದು ಕಿಣ್ವ ಜೋಡಿಸುತ್ತದೆ. ಆಗ ಬಾಲದ ಹಾಗೆ ಒಂದು ಫಾಸ್ಫೇಟ್ ಉಳಿದಿರುತ್ತದೆ. ಎರಡನೇ ಕಿಣ್ವ ಆ ಬಾಲವನ್ನು ಕತ್ತರಿಸುತ್ತದೆ. ಉಳಿದದ್ದೇ ಸಕ್ಕರೆ. ಶಿಂಜಿಯ ಬ್ಯಾಕ್ಟೀರಿಯಾ ಮಾಡುವುದೂ ಇದೇ ಎರಡು ಹೆಜ್ಜೆ. ಇದು ಕಾಕತಾಳೀಯವಲ್ಲ. ಗಿಡಗಳಿಗೆ ಸಕ್ಕರೆ ಮಾಡುವ ವಿದ್ಯೆ ಹಳೆಯ ಸಯನೋಬ್ಯಾಕ್ಟೀರಿಯಾಗಳಿಂದಲೇ ಬಂತು ಎಂಬುದು ಈ ಜೀನುಗಳ ವಂಶಾವಳಿ ಕಟ್ಟಿದವರ ತೀರ್ಮಾನ. ಮಂಡ್ಯದ ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಬೇರು ಕೋಟ್ಯಂತರ ವರ್ಷ ಹಿಂದಿನ ಇಂಥ ಒಂದು ಕೋಶದಲ್ಲಿದೆ. ಕೊಪ್ಪರಿಗೆಯ ಮುಂದೆ ನಿಂತು ಬೆಳೆದ ನನಗೆ ಇದನ್ನು ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತು.

ಈಗ ನಮ್ಮ ಕೆರೆಗಳ ವಿಚಾರಕ್ಕೆ ಬರೋಣ. ಒಂದು ಲೀಟರಿನಲ್ಲಿ ಅರ್ಧ ಗ್ರಾಂನಿಂದ 30 ಗ್ರಾಂವರೆಗೆ ಉಪ್ಪಿದ್ದರೆ ಅದನ್ನು ಸವಳು ನೀರು ಎನ್ನುವುದು ವಾಡಿಕೆ. ಸಮುದ್ರದಲ್ಲಿ ಸುಮಾರು 35 ಗ್ರಾಂ. ಮೈಸೂರಿನ ಕೆರೆ ಶಿಂಜಿ ಸರೋವರವಲ್ಲ. ಆದರೆ ಕೆರೆಯ ನೀರು ಯಾವ ದಾರಿಯಲ್ಲಿ ಉಪ್ಪಾಗುತ್ತದೆ ಎಂಬುದನ್ನು ನೋಡಬೇಕು.

ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ತೆರೆದ ಕೆರೆಯಿಂದ ಬಿಸಿಲಿಗೆ ಆರಿಹೋಗುವ ನೀರು ಅದಕ್ಕಿಂತ ಬಹಳ ಜಾಸ್ತಿ. ಆರುವುದು ನೀರು ಮಾತ್ರ. ಉಪ್ಪು ಕೆರೆಯಲ್ಲೇ ಉಳಿಯುತ್ತದೆ. ಹಾಗಿದ್ದರೆ ನೂರಾರು ವರ್ಷದ ಕೆರೆಗಳು ಇಷ್ಟು ಹೊತ್ತಿಗೆ ಉಪ್ಪಿನ ಮಡಿ ಆಗಬೇಕಿತ್ತಲ್ಲ? ಆಗದಂತೆ ಕಾದದ್ದು ಕೋಡಿ. ಕೆರೆ ತುಂಬಿ ಕೋಡಿ ಬಿದ್ದಾಗ ಹಳೆಯ ನೀರು ಮುಂದಿನ ಕೆರೆಗೆ, ಅಲ್ಲಿಂದ ಹೊಳೆಗೆ ಹೋಗುತ್ತಿತ್ತು. ತೂಬಿನ ನೀರು ಗದ್ದೆಗೆ ಹರಿಯುತ್ತಿತ್ತು. ಪ್ರತಿ ಒಳ್ಳೆಯ ಮಳೆಗಾಲ ಕೆರೆಯನ್ನು ತೊಳೆದು ಹೋಗುತ್ತಿತ್ತು. ಕೋಡಿ ಬಿದ್ದರೆ ಊರವರು ಬಾಗಿನ ಕೊಡುತ್ತಿದ್ದರು. ತುಂಬಿದ್ದಕ್ಕೆ ಮಾತ್ರವಲ್ಲ, ತೊಳೆದದ್ದಕ್ಕೂ ಅದು ಸಲ್ಲಬೇಕಾದ ಬಾಗಿನ ಎಂದು ನನಗೆ ಅನಿಸುತ್ತದೆ.

ಪಟ್ಟಣದ ಕೆರೆಯಲ್ಲಿ ಈ ತೊಳೆಯುವ ಕೆಲಸ ನಿಂತಿದೆ. ರಾಜಕಾಲುವೆ ಮುಚ್ಚಿದ್ದೇವೆ, ಅಚ್ಚುಕಟ್ಟಿನಲ್ಲಿ ಬಡಾವಣೆ ಎದ್ದಿದೆ, ತೂಬು ತೆಗೆಯುವವರಿಲ್ಲ. ಕುಕ್ಕರಹಳ್ಳಿ ಕೆರೆಯನ್ನೇ ನೋಡಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು. ಆಗ ಅದರ ಸುತ್ತ ಊರಿರಲಿಲ್ಲ, ಈಗ ಎಲ್ಲ ಕಡೆ ಊರು. ಮಳೆ ನೀರು ಬರುವ ದಾರಿಗಳು ಕಿರಿದಾದ ಹಾಗೆ, ಪಟ್ಟಣದ ಯಾವ ಕೆರೆಗಾದರೂ ಬರುವ ನೀರಿನಲ್ಲಿ ಮನೆಗಳ ನೀರಿನ ಪಾಲು ಏರುತ್ತದೆ. ಮನೆಯ ನೀರು ಎಂದರೆ ಅಡುಗೆಯ ಉಪ್ಪು, ಮೂತ್ರ, ಸೋಪಿನ ಪುಡಿ, ಬೋರ್‌ವೆಲ್ಲಿನ ಗಡಸು ನೀರು, ಆರ್‌ಒ ಯಂತ್ರ ಬಿಟ್ಟ ನೀರು. ಉಪ್ಪೂ ಇದೆ, ಪಾಚಿಗೆ ಗೊಬ್ಬರವಾಗುವ ರಂಜಕವೂ ಇದೆ, ಸಾರಜನಕವೂ ಇದೆ.

ಇಲ್ಲಿ ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದ ಒಂದು ಕೆಲಸವನ್ನು ನೆನೆಯಬೇಕು. ಎಸ್. ಕೆ. ಆಪ್ಟೆ ಮತ್ತು ಅವರ ಜತೆಗಾರರು 1980ರ ದಶಕದಲ್ಲಿ ಅನಾಬಿನಾ ಎಂಬ ಸಯನೋಬ್ಯಾಕ್ಟೀರಿಯಾದ ಎರಡು ತಳಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಂದು ಸಿಹಿನೀರಿನದು, ಉಪ್ಪು ತಾಳದು. ಇನ್ನೊಂದು ಸವಳು ನೀರಿನದು, ಉಪ್ಪು ತಾಳುತ್ತದೆ. 1987ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಹೀಗಿದೆ: ನೀರಿನಲ್ಲಿ ನೈಟ್ರೇಟ್ ಅಥವಾ ಅಮೋನಿಯದಂಥ ಸಾರಜನಕ ಇದ್ದರೆ ಕೋಶದೊಳಗೆ ನುಗ್ಗುವ ಸೋಡಿಯಂ ಕಡಿಮೆಯಾಗುತ್ತದೆ, ಅದರಿಂದ ಉಪ್ಪು ತಾಳುವ ಶಕ್ತಿ ಹೆಚ್ಚುತ್ತದೆ. ಅಂದರೆ ಗೊಬ್ಬರ ಇದ್ದ ಕಡೆ ಅದೇ ತಳಿ ಹೆಚ್ಚು ಉಪ್ಪಿಗೆ ಗಟ್ಟಿ.

ಎರಡನ್ನೂ ಕೂಡಿಸಿ ನೋಡಿ. ನಮ್ಮ ಕೆರೆಗೆ ಉಪ್ಪನ್ನು ತರುವ ಮೋರಿಯೇ, ಉಪ್ಪನ್ನು ತಾಳಲು ಬೇಕಾದ ಸಾರಜನಕವನ್ನೂ ತರುತ್ತದೆ. ಬೇರೆ ಸಣ್ಣ ಜೀವಿಗಳು ಉಪ್ಪಿಗೆ ಸೊರಗಿದರೆ ಅವುಗಳ ಜಾಗವೂ ಕೆನೆಯ ಬ್ಯಾಕ್ಟೀರಿಯಾಕ್ಕೇ. ಜತೆಗೆ ಸಂಖ್ಯೆಯ ವಿಚಾರ. ಅಂಥ ಕೆನೆಯ ಒಂದು ಚಮಚದಲ್ಲಿ ಕೋಟಿಗಟ್ಟಲೆ ಕೋಶಗಳಿರುತ್ತವೆ. ಒಂದು ಜೀನು ಕಡ ಸಿಗುವುದು ತೀರಾ ಅಪರೂಪದ ಘಟನೆ ಎಂದೇ ಇಟ್ಟುಕೊಳ್ಳೋಣ. ಕೋಶಗಳು ನೂರಿದ್ದಾಗ ಅಪರೂಪದ್ದು ನಡೆಯುವುದಿಲ್ಲ. ಲಕ್ಷ ಕೋಟಿ ಇದ್ದಾಗ ಎಲ್ಲೋ ಒಂದು ಕಡೆ ನಡೆದೇ ನಡೆಯುತ್ತದೆ. ನಡೆದ ಮೇಲೆ, ಉಪ್ಪು ಏರುತ್ತಿರುವ ನೀರಿನಲ್ಲಿ ಆ ಒಂದು ಕೋಶದ ಸಂತಾನವೇ ಉಳಿಯುತ್ತದೆ. ಬ್ಯಾಕ್ಟೀರಿಯಾ ಜಾಣತನದಿಂದ ಗೆಲ್ಲುವುದಿಲ್ಲ. ನಾವು ಕೊಟ್ಟ ಸಂಖ್ಯೆಯ ಬಲದಿಂದ ಗೆಲ್ಲುತ್ತದೆ.

ಉಪ್ಪಿಗಿಂತ ಬೇರೆ ಕಷ್ಟಗಳಿಗೂ ಇದರ ಬಳಿ ಜೀನುಗಳಿವೆ. ಮೈಕ್ರೋಸಿಸ್ಟಿಸ್ ಪ್ರೋಟೀನಿನ ಗೋಡೆಯ ಗಾಳಿಚೀಲಗಳನ್ನು ಕಟ್ಟಿಕೊಂಡು ತೇಲುತ್ತದೆ, ಕೆನೆ ಬೆಳಿಗ್ಗೆ ಮೇಲೆ ಬಂದಿರುವುದು ಅದರಿಂದಲೇ. ರಂಜಕ ಸಿಕ್ಕಾಗ ಒಳಗೆ ಕೂಡಿಟ್ಟುಕೊಂಡು, ಇಲ್ಲದಾಗ ತೆಗೆದು ಬಳಸುತ್ತದೆ. ಸಾರಜನಕಕ್ಕೆ ಬರ ಬಂದರೆ ಹಲವು ಸಯನೋಬ್ಯಾಕ್ಟೀರಿಯಾಗಳು ಬಿಸಿಲು ಹಿಡಿಯುವ ನೀಲಿ ಬಣ್ಣದ ಪ್ರೋಟೀನುಗಳನ್ನೇ ಒಡೆದು ತಿನ್ನುತ್ತವೆ, ಆಗ ಹಸಿರು ಹೋಗಿ ಹಳದಿಯಾಗುತ್ತವೆ. 25 ಡಿಗ್ರಿ ದಾಟಿದ ಬೆಚ್ಚಗಿನ ನೀರು ಮೈಕ್ರೋಸಿಸ್ಟಿಸ್‌ಗೆ ಹಬ್ಬ. ನಮ್ಮ ಬೇಸಿಗೆ ಅದನ್ನು ಧಾರಾಳವಾಗಿ ಕೊಡುತ್ತದೆ.

ಹಾಗಾದರೆ ಮಾಡುವುದೇನು? ಎಲ್ಲರಿಗೂ ಮೊದಲು ಹೊಳೆಯುವುದು ಕೊಲ್ಲುವ ದಾರಿ. ನಮ್ಮ ಬಡಾವಣೆ ಹತ್ತಿರದ ಒಂದು ಕೆರೆಗೆ ಒಂದು ಬೇಸಿಗೆ ಮೈಲುತುತ್ತ ಸುರಿದರು. ಎರಡು ದಿನಕ್ಕೆ ಕೆನೆ ಹೋಯಿತು. ಎಲ್ಲರಿಗೂ ಖುಷಿ. ಮುಂದಿನ ತಿಂಗಳು ಮತ್ತೆ ಬಂತು. ಆದರೆ ನನಗೆ ಹೆದರಿಕೆ ಆದದ್ದು ಆ ಎರಡು ದಿನಗಳ ಬಗ್ಗೆ. ಕೋಶ ಬದುಕಿರುವವರೆಗೆ ವಿಷ ಬಹುಪಾಲು ಅದರೊಳಗೇ ಇರುತ್ತದೆ. ಕೋಶ ಒಡೆದಾಗ ಎಲ್ಲವೂ ಒಮ್ಮೆಗೇ ನೀರಿಗೆ ಬರುತ್ತದೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಕುಡಿಯುವ ನೀರಿನ ಅಣೆಕಟ್ಟೆಗೆ ಪಾಚಿ ಕೊಲ್ಲಲು ಮೈಲುತುತ್ತ ಹಾಕಿದ ಮೇಲೆ 148 ಜನ ಕಾಯಿಲೆ ಬಿದ್ದರು. ಹೆಚ್ಚಿನವರು ಮಕ್ಕಳು. ಅಲ್ಲಿದ್ದದ್ದು ಸಯನೋಬ್ಯಾಕ್ಟೀರಿಯಾದ ಬೇರೊಂದು ಜಾತಿ. ಆದರೆ ಕೋಶ ಒಡೆದು ವಿಷ ಚೆಲ್ಲುವ ಕತೆ ಒಂದೇ.

ಉಪ್ಪು ಕೂಡ ಇದನ್ನೇ ಮಾಡುತ್ತದೆ. ತಾಳುವ ಮಿತಿ ದಾಟಿದರೆ ಮೈಕ್ರೋಸಿಸ್ಟಿಸ್ ಒಡೆದು ವಿಷ ಬಿಡುತ್ತದೆ. ಆ ವಿಷ ಬ್ಯಾಕ್ಟೀರಿಯಾಕ್ಕಿಂತ ಗಟ್ಟಿ. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ 21 ಕಡಲ ನೀರುನಾಯಿಗಳು ಮೈಕ್ರೋಸಿಸ್ಟಿನ್‌ನಿಂದ ಸತ್ತಿದ್ದವು ಎಂದು 2010ರಲ್ಲಿ ವಿಜ್ಞಾನಿಗಳು ಬರೆದರು. ವಿಷ ಹುಟ್ಟಿದ್ದು ಒಳನಾಡಿನ ಸಿಹಿನೀರಿನಲ್ಲಿ. ಹೊಳೆ ಹಿಡಿದು ಸಮುದ್ರಕ್ಕೆ ಬಂದು, ಚಿಪ್ಪುಜೀವಿಗಳ ಮೈಯಲ್ಲಿ ಸೇರಿತ್ತು. ರಂಗನತಿಟ್ಟಿನಲ್ಲಿ ಬಂಡೆಯ ಮೇಲೆ ಮೀನು ಕಚ್ಚಿಕೊಂಡು ಕೂತ ನೀರುನಾಯಿಯನ್ನು ನೋಡಿದವರಿಗೆ ಇದು ದೂರದ ಸುದ್ದಿ ಅನಿಸಲಾರದು. ಮೈಸೂರಿನ ಕೆರೆ, ಮೋರಿಗಳ ನೀರೂ ಕೊನೆಗೆ ಕಾವೇರಿಗೋ ಕಪಿಲೆಗೋ ಸೇರಬೇಕಲ್ಲ.

ಮನೆಯಲ್ಲಿ ಗೊತ್ತಿರಬೇಕಾದ ಒಂದು ಮಾತು: ನೀರು ಕುದಿಸಿದರೆ ಮೈಕ್ರೋಸಿಸ್ಟಿನ್ ಹೋಗುವುದಿಲ್ಲ. ಕುದಿಸಿದರೆ ಕೋಶ ಒಡೆದು ಇನ್ನಷ್ಟು ವಿಷ ನೀರಿಗೆ ಬರುತ್ತದೆ. ಕೆನೆ ಕಟ್ಟಿದ ಕೆರೆಯ ನೀರನ್ನು ದನಕ್ಕೂ ಕುಡಿಸಬಾರದು, ನಾಯಿಯನ್ನು ಈಜಲು ಬಿಡಬಾರದು. 1878ರಲ್ಲೇ ಜಾರ್ಜ್ ಫ್ರಾನ್ಸಿಸ್ ಎಂಬವರು ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಇಂಥ ಕೆನೆ ಕುಡಿದ ಕುರಿ, ದನ, ಕುದುರೆಗಳು ಸಾಯುವುದನ್ನು ಬರೆದಿಟ್ಟಿದ್ದರು. ಅಲ್ಲಿದ್ದ ಜೀವಿ ನೊಡ್ಯುಲೇರಿಯಾ, ಸವಳು ನೀರಿನದ್ದೇ.

ಕೊಲ್ಲುವುದು ದಾರಿಯಲ್ಲ ಎಂದಾದರೆ ಉಳಿಯುವುದು ಉಣಿಸುವುದನ್ನು ನಿಲ್ಲಿಸುವುದು. ಮೈಸೂರಿನ ಕೊಳಚೆ ನೀರಿಗೆ ವಿದ್ಯಾರಣ್ಯಪುರ, ಕೆಸರೆ, ರಾಯನಕೆರೆಗಳಲ್ಲಿ ಶುದ್ಧೀಕರಣ ಘಟಕಗಳಿವೆ. ಆದರೆ 'ಶುದ್ಧೀಕರಿಸಿದ ನೀರು' ಎಂಬ ಮಾತನ್ನು ಬಿಡಿಸಿ ನೋಡಬೇಕು. ಸಾಧಾರಣ ಘಟಕ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಕೊಳೆಯುವ ಕಸ ಕಳೆಯುತ್ತದೆ, ನಾತ ಹೋಗುತ್ತದೆ, ನೀರು ತಿಳಿಯಾಗಿ ಕಾಣುತ್ತದೆ. ರಂಜಕದ ದೊಡ್ಡ ಪಾಲು ಹಾಗೇ ಉಳಿಯುತ್ತದೆ. ಕರಗಿದ ಉಪ್ಪಂತೂ ಒಂದಿಷ್ಟೂ ಹೋಗುವುದಿಲ್ಲ. ಒಂದು ಸಲ ಮನೆಗಳ ಮೂಲಕ ಹಾದು ಬಂದ ನೀರಿನಲ್ಲಿ ನಲ್ಲಿ ನೀರಿಗಿಂತ ಲೀಟರಿಗೆ ಕೆಲವು ನೂರು ಮಿಲಿಗ್ರಾಂ ಉಪ್ಪು ಜಾಸ್ತಿ ಇರುವುದು ಸಾಮಾನ್ಯ.

ಇದನ್ನು ಈಗ ಹೇಳಲು ಕಾರಣವಿದೆ. 2018ರಿಂದ ಬೆಂಗಳೂರಿನ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ ಕೆರೆ ತುಂಬಿದ್ದರಿಂದ ಅಲ್ಲಿನ ಎಷ್ಟೋ ರೈತರಿಗೆ ಉಸಿರು ಬಂದಿದೆ. ಅದನ್ನು ಅಲ್ಲಗಳೆಯಲಾರೆ. ಅದೇ ಮಾದರಿ ನಮ್ಮ ಕಡೆಗೂ ಬೇಕು ಎಂಬ ಮಾತು ಕೇಳಿದಾಗ ನಾನು ಕೇಳುವುದು ಮೂರೇ ಪ್ರಶ್ನೆ. ರಂಜಕ ತೆಗೆಯುವ ಮೂರನೇ ಹಂತ ಇದೆಯೇ? ಕೆರೆಯ ನೀರಿನ ಉಪ್ಪನ್ನು ತಿಂಗಳಿಗೊಮ್ಮೆ ಅಳೆಯುತ್ತೀರಾ? ಕೋಡಿ ಬೀಳುವಷ್ಟು ನೀರನ್ನು ಮಳೆಗಾಲದಲ್ಲಿ ಬಿಡುತ್ತೀರಾ, ಇಲ್ಲ ತುಂಬಿಸಿ ಕಟ್ಟಿಡುತ್ತೀರಾ? ಉಪ್ಪು ಅಳೆಯುವ ವಾಹಕತೆಯ ಮೀಟರ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಹೈಸ್ಕೂಲ್ ಮಕ್ಕಳೂ ಅಳೆಯಬಲ್ಲರು. ಉಪ್ಪು ಮತ್ತು ರಂಜಕ ಎರಡೂ ಒಟ್ಟಿಗೆ ಸೇರಿದ ನಿಂತ ನೀರು ಏನನ್ನು ಬೆಳೆಸುತ್ತದೆ ಎಂದು ಶಿಂಜಿ ತೋರಿಸಿದೆ.

ಇನ್ನು ಚೌಳಿನ ವಿಚಾರ. ಅಪ್ಪನ ಮಾತಿಗೆ ವಿಜ್ಞಾನದಲ್ಲಿ ಸಾಕ್ಷಿ ಇದೆ. ಬನಾರಸಿನ ಆರ್. ಎನ್. ಸಿಂಗ್ 1950ರಲ್ಲಿ ಉತ್ತರ ಭಾರತದ ಊಸರ ಭೂಮಿಯನ್ನು ನೀಲಿ-ಹಸಿರು ಪಾಚಿಯಿಂದ ಸರಿಪಡಿಸುವ ಬಗ್ಗೆ ಬರೆದರು. ಊಸರ ಎಂದರೆ ನಮ್ಮ ಚೌಳಿನಂಥದ್ದೇ ಕ್ಷಾರದ ನೆಲ. ಮಳೆಗಾಲದಲ್ಲಿ ಬದು ಕಟ್ಟಿ ನೀರು ನಿಲ್ಲಿಸಿದರೆ ಪಾಚಿ ಹಬ್ಬುತ್ತದೆ. ಅದರ ಲೋಳೆ ಮಣ್ಣಿನ ಕಣಗಳನ್ನು ಹಿಡಿದು ಕೂಡಿಸುತ್ತದೆ, ಸಾರಜನಕ ಸೇರುತ್ತದೆ, ಕ್ಷಾರ ಇಳಿಯುತ್ತದೆ, ನೀರು ಇಂಗತೊಡಗುತ್ತದೆ. ಕೆರೆಯಲ್ಲಿ ನಮ್ಮನ್ನು ಹೆದರಿಸುವ ಬಳಗವೇ ಇಲ್ಲಿ ದುಡಿಯುತ್ತದೆ. ಕೆರೆಯ ಕೆನೆಗೂ ಚೌಳಿನ ಸಿಪ್ಪೆಗೂ ಇರುವ ನಂಟು ಇದು: ಎರಡೂ ಉಪ್ಪಿಗೆ ಸಿಹಿಯಿಂದ ಉತ್ತರ ಕೊಡುವ ಒಂದೇ ಮನೆತನ.

ಆದರೆ ಪಾಚಿಯೊಂದೇ ಚೌಳು ತೆಗೆಯುತ್ತದೆ ಎಂದು ಯಾರಾದರೂ ಪೊಟ್ಟಣ ಮಾರಲು ಬಂದರೆ ನಂಬಬೇಡಿ. ಪಾಚಿ ಹಿಡಿದ ಸೋಡಿಯಂ, ಅದು ಸತ್ತ ಮೇಲೆ ಮಣ್ಣಿಗೇ ಮರಳುತ್ತದೆ. ಸೋಡಿಯಂ ನೆಲ ಬಿಟ್ಟು ಹೋಗಬೇಕಾದರೆ ಜಿಪ್ಸಂ ಹಾಕಬೇಕು, ನೀರು ಕಟ್ಟಬೇಕು, ಆ ನೀರು ಬಸಿದು ಆಚೆ ಹೋಗಬೇಕು. ನಾಲೆ ಬಂದ ಹೊಸತರಲ್ಲಿ ನೀರು ತರುವ ಕಾಲುವೆಗೆ ಇದ್ದ ಗಮನ ಬಸಿಗಾಲುವೆಗೆ ಇರಲಿಲ್ಲ. ಚೌಳು ಎದ್ದದ್ದು ಅಲ್ಲಿಂದ. ಕೆರೆಗೆ ಕೋಡಿ ಹೇಗೋ ಗದ್ದೆಗೆ ಬಸಿಗಾಲುವೆ ಹಾಗೆ.

ನಮ್ಮ ಆ ತುಂಡು ಜಮೀನಿಗೆ ತಮ್ಮ ಮೂರು ವರ್ಷ ಜಿಪ್ಸಂ ಹಾಕಿ, ಪಕ್ಕದ ಜಮೀನಿನವರನ್ನು ಒಪ್ಪಿಸಿ ಹೂತುಹೋಗಿದ್ದ ಬಸಿಗಾಲುವೆಯ ಹೂಳು ತೆಗೆಸಿದ. ಹೋದ ಮುಂಗಾರಿನಲ್ಲಿ ನಾನು ಹೋದಾಗ ಸಿಪ್ಪೆ ಎಂದಿನ ಹಾಗೆ ಎದ್ದಿತ್ತು. ಒಂದು ತುಣುಕು ಎತ್ತಿ ನೋಡಿದೆ. ಅಡಿಯಲ್ಲಿ ಮಣ್ಣು ಕಪ್ಪಗೆ, ಒದ್ದೆಯಾಗಿತ್ತು. ಬಸಿಗಾಲುವೆಯಲ್ಲಿ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ಉಪ್ಪಾಗಿತ್ತು.